ಅರ್ಧ ಟಿಕೆಟ್ ಯಾರಿಗೆ, ಪೂರಾ ಟಿಕೆಟ್ ಯಾರಿಗೆ?

ಸಾಲಿ ಸೂಟಿ ಹತ್ತಿರ ಬಂತೆಂದರೆ ನಮಗೆ ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ ಇದೇ ವಿಷಯ: ಹುಡುಗರನ್ನು ಎಲ್ಲಿಗಾದರೂ ಕರಕೊಂಡು ಹೋಗಬೇಕು, ಕಿಸೆ ಖಾಲಿ ಆಗಬಾರದು. ಈ ಸಲದ ಪ್ರಶ್ನೆಗಳು ಹೆಚ್ಚಾಗಿ ಹೈದರಾಬಾದಿನ ಸುತ್ತಲೇ ಇವೆ.

ನಾವು ಗಂಡ-ಹೆಂಡ್ತಿ, 4, 8, 11 ವರ್ಷದ ಮೂರು ಮಕ್ಕಳು. ಹೈದರಾಬಾದಿಗೆ ರೈಲಿಗೆ ಹೋಗೋದು ಸೋವಿ ಏನ್ರಿ, ಬಸ್ಸಿಗೆ ಹೋಗೋದು ಸೋವಿ?
— ಬ್ಯಾಂಕ್ ನೌಕರ, ಕಲಬುರಗಿ

ದರ ನೋಡುವ ಮೊದಲು ಮಕ್ಕಳ ವಯಸ್ಸು ನೋಡಿ. ಒಂದೇ ಮಗು ಒಂದು ಕಡೆ ಪುಕ್ಕಟೆ, ಇನ್ನೊಂದು ಕಡೆ ಅರ್ಧ, ಮತ್ತೊಂದು ಕಡೆ ಪೂರಾ. ರೊಕ್ಕ ಸೋರುವುದು ಇಲ್ಲೇ.

ರೈಲಿನಲ್ಲಿ 5 ವರ್ಷ ತುಂಬದ ಮಗುವಿಗೆ ಸೀಟು ಕೇಳದಿದ್ದರೆ ಟಿಕೆಟ್ ಬೇಡ. 5 ತುಂಬಿ 12 ತುಂಬದವರಿಗೆ ಸ್ಲೀಪರ್‌ನಲ್ಲಿ ಎರಡು ದಾರಿ: ಬರ್ತ್ ಬೇಡ ಅಂದರೆ ಅರ್ಧ, ಬೇಕು ಅಂದರೆ ದೊಡ್ಡವರಷ್ಟೇ ಪೂರಾ. 2016ರಿಂದ ಇದೇ ನಿಯಮ. ಆದರೆ ಚೇರ್ ಕಾರ್ ಮತ್ತು ಕೂತು ಹೋಗುವ ಸೆಕೆಂಡ್ ಸಿಟ್ಟಿಂಗ್ ರಿಸರ್ವೇಶನ್‌ನಲ್ಲಿ ‘ಸೀಟು ಬೇಡ’ ಅನ್ನುವ ಆಯ್ಕೆಯೇ ಇಲ್ಲ. ಅಲ್ಲಿ 5 ದಾಟಿದ ಮಗುವಿಗೆ ಪೂರಾ ರೊಕ್ಕ. ರಿಸರ್ವೇಶನ್ ಇಲ್ಲದ ಜನರಲ್ ಡಬ್ಬಿಯಲ್ಲಿ 5ರಿಂದ 12ರವರೆಗೆ ಅರ್ಧ. ಆ ಟಿಕೆಟ್ ಕೌಂಟರಿನಲ್ಲೂ ಸಿಗುತ್ತದೆ, ರೈಲ್‌ವನ್ ಆ್ಯಪ್‌ನಲ್ಲೂ ಸಿಗುತ್ತದೆ.

ನಿಮ್ಮ ಲೆಕ್ಕ ಹೀಗೆ. ಸ್ಲೀಪರ್‌ನಲ್ಲಿ ಮಕ್ಕಳಿಗೆ ಬರ್ತ್ ಬಿಟ್ಟರೆ ಎರಡು ಪೂರಾ, ಎರಡು ಅರ್ಧ, ಸಣ್ಣದಕ್ಕೆ ಏನಿಲ್ಲ: ಮೂರು ಟಿಕೆಟ್ಟಿನ ರೊಕ್ಕದಲ್ಲಿ ಐದು ಜನ. ಚೇರ್ ಕಾರ್‌ನಲ್ಲಿ ಅದೇ ಐದು ಜನಕ್ಕೆ ನಾಲ್ಕು ಟಿಕೆಟ್. ಹಗಲು ಪ್ರಯಾಣವಾದರೆ ಬರ್ತ್ ಬಿಡಿ. ರಾತ್ರಿಯಾದರೆ ಬಿಡಬೇಡಿ, ಎರಡು ಬರ್ತಿನಲ್ಲಿ ಐದು ಜನ ಮಲಗಲಾಗದು. ಒಮ್ಮೆ ‘ಬೇಡ’ ಅಂತ ತುಂಬಿದ ಮೇಲೆ ಡಬ್ಬಿಯಲ್ಲಿ ಟಿಟಿಇ ಹತ್ತಿರ ಹೋಗಿ ಹಕ್ಕಿನಿಂದ ಕೇಳಲು ಬರುವುದಿಲ್ಲ.

ಮೊಬೈಲಿನಲ್ಲಿ ಬುಕ್ ಮಾಡುವವರು ಬಹಳ ಮಂದಿ ಒಂದು ತಪ್ಪು ಮಾಡುತ್ತಾರೆ. ನಾಲ್ಕು ವರ್ಷದ ಮಗುವನ್ನೂ ಉಳಿದ ಪ್ರಯಾಣಿಕರ ಸಾಲಿನಲ್ಲೇ ಸೇರಿಸಿಬಿಡುತ್ತಾರೆ. ಆಗ ಅದಕ್ಕೂ ಬರ್ತ್ ಬಂದು ಪೂರಾ ದರ ಬೀಳುತ್ತದೆ. ಶಿಶುಗಳಿಗೆ ಬೇರೆ ಸಾಲು ಇದೆ, ಅಲ್ಲಿ ತುಂಬಬೇಕು. ಇನ್ನೊಂದು ಮಾತು: ಆನ್‌ಲೈನ್ ಸೇವಾ ಶುಲ್ಕ ಬೀಳುವುದು ತಲೆಗೆ ಅಲ್ಲ, ಟಿಕೆಟ್ಟಿಗೆ. ಒಂದು ಟಿಕೆಟ್ಟಿನಲ್ಲಿ ಆರು ಜನರವರೆಗೆ ಹಾಕಬಹುದಾದ್ದರಿಂದ ಎಲ್ಲರನ್ನೂ ಒಂದರಲ್ಲೇ ಹಾಕಿ. ಸ್ಟೇಷನ್ ಕೌಂಟರಿನಲ್ಲಿ ಆ ಶುಲ್ಕವೂ ಇಲ್ಲ. ಬುಕಿಂಗ್ ಈಗ 60 ದಿನ ಮೊದಲಷ್ಟೇ ತೆರೆಯುತ್ತದೆ. ದಸರಾ, ದೀಪಾವಳಿಗೆ ಹೋಗುವವರು ಆ ದಿನವನ್ನೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳುವುದು ಒಳ್ಳೆಯದು.

ನಮ್ಮ ಕೆಕೆಆರ್‌ಟಿಸಿ ಸಾದಾ ಬಸ್ಸಿನಲ್ಲಿ ಗೆರೆ ಬೇರೆ: 6ರ ತನಕ ಪುಕ್ಕಟೆ, 6ರಿಂದ 12 ಅರ್ಧ. ಐದೂವರೆ ವರ್ಷದ ಮಗು ಬಸ್ಸಿನಲ್ಲಿ ಪುಕ್ಕಟೆ, ರೈಲಿನಲ್ಲಿ ಅರ್ಧ. ನಿಮ್ಮ ಮನೆಯ ಮಟ್ಟಿಗೆ ಬಸ್ಸಿನಲ್ಲೂ ಮೂರು ಟಿಕೆಟ್ಟೇ. ಟಿಕೆಟ್ಟಿನ ಸಂಖ್ಯೆ ಸಮವಾದಾಗ ಜನರಲ್ ಮತ್ತು ಸ್ಲೀಪರ್ ದರ ಬಸ್ಸಿಗಿಂತ ಕಡಿಮೆ ಬೀಳುತ್ತದೆ, ಅಲ್ಲದೆ ಹುಡುಗರಿಗೆ ಸಂಡಾಸಿನ ಚಿಂತೆ ಇಲ್ಲ. ರೈಲೇ ಆಗಲಿ.

ಮಕ್ಕಳ ಆಧಾರ್ ಕಾರ್ಡು ಮರೆಯಬೇಡಿ. 11 ವರ್ಷದವನು ಎತ್ತರ ಬೆಳೆದಿದ್ದರೆ ವಾದ ಅವನ ವಯಸ್ಸಿನ ಮೇಲೆಯೇ ಬರುತ್ತದೆ.

ನಮ್ಮ ಮನ್ಯಾಗ ನಾನು, ನಮ್ಮವ್ವ, ಇಬ್ರು ಹೆಣ್ಣ್ಮಕ್ಕಳು. ಶಕ್ತಿ ಯೋಜನಾದಾಗ ಹೈದರಾಬಾದ್ ತನಕ ಪುಕ್ಕಟೆ ಹೋಗಬಹುದಾ?
— ಅಂಗನವಾಡಿ ಕಾರ್ಯಕರ್ತೆ, ಕಲಬುರಗಿ ತಾಲೂಕು

ಇಲ್ಲ. 2023ರ ಜೂನ್ 11ರಂದು ಶುರುವಾದ ಶಕ್ತಿ ರಾಜ್ಯದೊಳಗಿನ ಸಾದಾ ಮತ್ತು ವೇಗದೂತ ಬಸ್ಸುಗಳಿಗೆ ಮಾತ್ರ. ಅಂತರರಾಜ್ಯ ಬಸ್ಸಿಗೆ ನಡೆಯುವುದಿಲ್ಲ. ಅಲ್ಲಿ ಹೋಗಿ ತೆಲಂಗಾಣದ ಸಿಟಿ ಬಸ್ಸಿನಲ್ಲಿ ನಿಮ್ಮ ಆಧಾರ್ ತೋರಿಸಿದರೂ ಉಪಯೋಗವಿಲ್ಲ. ಅವರ ಮಹಾಲಕ್ಷ್ಮಿ ಯೋಜನೆ ತೆಲಂಗಾಣದ ಹೆಣ್ಣುಮಕ್ಕಳಿಗೆ.

ಒಂದು ಉಪಾಯ ಮಾಡುವವರಿದ್ದಾರೆ: ಹುಮನಾಬಾದ್ ತನಕ, ಅಂದರೆ ಸುಮಾರು 60 ಕಿ.ಮೀ., ಶಕ್ತಿಯಲ್ಲಿ ಹೋಗಿ ಅಲ್ಲಿಂದ ಹೈದರಾಬಾದ್ ಬಸ್ ಹಿಡಿಯುವುದು. ನಿಮ್ಮಂತೆ ನಾಲ್ಕೂ ಜನ ಹೆಣ್ಣುಮಕ್ಕಳಾದರೆ ಉಳಿತಾಯ ನಿಜ. ಆದರೆ ಹುಮನಾಬಾದಿಗೆ ಬರುವ ಬಸ್ ಹಿಂದಿನ ಊರುಗಳಲ್ಲೇ ತುಂಬಿ ಬಂದಿರುತ್ತದೆ. ಬುಧವಾರ, ಗುರುವಾರ ಮಾಡಿ ನೋಡಬಹುದು. ರವಿವಾರ ಸಣ್ಣ ಹುಡುಗಿಯರನ್ನು ಮೂರು ತಾಸು ನಿಲ್ಲಿಸಿಕೊಂಡು ಹೋಗುವಷ್ಟು ದೊಡ್ಡ ಉಳಿತಾಯ ಇದಲ್ಲ.

ಬುತ್ತಿ ಕಟಗೊಂಡು ಹೋದ್ರ ಮಧ್ಯಾಹ್ನಕ್ಕ ಹಳಸ್ತದ. ಹೋಟೆಲಿಗೆ ಹೋದ್ರ ಸಾವಿರ ರೂಪಾಯಿ ಹೋಗ್ತದ. ಏನ್ ಮಾಡೂದು?
— ಗೃಹಿಣಿ, ಶಹಾಪುರ

ನಾಲ್ಕು ಜನ, ಎರಡು ಹೊತ್ತು, ತಾಟಿಗೆ ನೂರು ರೂಪಾಯಿ ಹಿಡಿದರೂ 800. ಅದೇ ಬುತ್ತಿ ಮನೆಯಲ್ಲಿ 200ರೊಳಗೆ ಆಗುತ್ತದೆ. ಇಡೀ ಪ್ರವಾಸದಲ್ಲಿ ಇಷ್ಟು ದೊಡ್ಡ ಉಳಿತಾಯ ಮತ್ತೆಲ್ಲೂ ಇಲ್ಲ, ಅದಕ್ಕೆ ಈ ಉತ್ತರ ಸ್ವಲ್ಪ ಉದ್ದ.

ಹಳಸುವುದಕ್ಕೆ ಕಾರಣ ಬಿಸಿಲು ಒಂದೇ ಅಲ್ಲ. ಬಿಸಿ ಇರುವಾಗಲೇ ಡಬ್ಬಿ ಮುಚ್ಚುವುದು ಮೊದಲ ಕಾರಣ. ಉಗಿ ಮುಚ್ಚಳಕ್ಕೆ ಹತ್ತಿ ನೀರಾಗಿ ಕೆಳಗೆ ಇಳಿಯುತ್ತದೆ, ರೊಟ್ಟಿ ಅಂಟಂಟಾಗುತ್ತದೆ, ಅನ್ನ ನಾರುತ್ತದೆ. ಧಪಾಟಿ, ಚಪಾತಿ ಏನೇ ಇರಲಿ, ಒಣ ಅರಿವೆಯ ಮೇಲೆ ಒಂದೊಂದಾಗಿ ಹರವಿ ಪೂರ್ತಿ ಆರಿದ ಮೇಲೆ ಪೇರಿಸಿ, ಅರಿವೆಯಲ್ಲೇ ಸುತ್ತಿ ಡಬ್ಬಿಗಿಡಿ. ಎರಡನೆಯ ಕಾರಣ ಹಸಿ ಉಳ್ಳಾಗಡ್ಡಿ ಮತ್ತು ಹಸಿ ಕೊಬ್ಬರಿ. ಇವೆರಡು ಬಿದ್ದ ಯಾವುದೇ ಪಲ್ಲೆ ನಮ್ಮ ಭಾಗದ ಬ್ಯಾಸಗಿಯಲ್ಲಿ ಮಧ್ಯಾಹ್ನ ದಾಟುವುದಿಲ್ಲ.

ಇಬ್ಬರು ದೊಡ್ಡವರು, ಇಬ್ಬರು ಮಕ್ಕಳಿಗೆ ಒಂದು ದಿನಕ್ಕೆ 12 ಧಪಾಟಿ ಸಾಕು. ಜೋಳದ ಹಿಟ್ಟಿಗೆ ಸ್ವಲ್ಪ ಗೋದಿ ಹಿಟ್ಟು, ಕಡ್ಲಿ ಹಿಟ್ಟು, ಅಜವಾನ, ಎಳ್ಳು ಹಾಕಿ, ಉಳ್ಳಾಗಡ್ಡಿ ಬಿಡಿ. ದೊಡ್ಡವರಿಗೆ ಬೇಕಿದ್ದರೆ ನಾಲ್ಕು ಕಡಕ್ ರೊಟ್ಟಿ. ಮಕ್ಕಳು ಅದನ್ನು ಪುಡಿ ಮಾಡಿ ಬಸ್ಸಿನ ತುಂಬ ಚೆಲ್ಲುತ್ತಾರೆ, ಅವರ ಕೈಗೆ ಕೊಡಬೇಡಿ. ಶೇಂಗಾ ಹಿಂಡಿ 100 ಗ್ರಾಂ, ಒಣಗಿದ್ದು. ಕಲಸಲು ಮೊಸರು ಮನೆಯಿಂದ ಹೊರುವುದು ಬೇಡ, ಊಟದ ಹೊತ್ತಿಗೆ ಒಂದು ಸಣ್ಣ ಪ್ಯಾಕೆಟ್ ಕೊಳ್ಳಿ. ಬದನೆಕಾಯಿ ಪಲ್ಲೆ ಒಯ್ಯುವುದಾದರೆ ಶೇಂಗಾ ಪುಡಿ, ಹುಣಸಿಹುಳಿ ಹಾಕಿ ಎಣ್ಣಿ ಬಿಡುವ ತನಕ ಬಾಡಿಸಿ, ರಸ ಇರಬಾರದು.

ಮೊಸರನ್ನ ಕಟ್ಟಿ ಹುಳಿ ಬರಿಸಿಕೊಳ್ಳುವವರಿಗೆ ಅಳತೆ: ಒಂದು ಗ್ಲಾಸ್ ಅಕ್ಕಿ ಮೆತ್ತಗೆ ಬೇಯಿಸಿ, ಉಗುರು ಬೆಚ್ಚಗಾದ ಮೇಲೆ ಎರಡು ಗ್ಲಾಸ್ ಕಾಯಿಸಿ ಆರಿಸಿದ ಹಾಲು, ಒಂದೇ ಚಮಚ ಮೊಸರು. ಮುಂಜಾನೆ ಆರಕ್ಕೆ ಕಲಸಿದರೆ ಮಧ್ಯಾಹ್ನ ಊಟಕ್ಕೆ ಹದವಾಗಿ ಹೆಪ್ಪಾಗಿರುತ್ತದೆ. ಏಪ್ರಿಲ್, ಮೇನಲ್ಲಿ ಅರ್ಧ ಚಮಚ ಸಾಕು. ಸೌತೆಕಾಯಿ ಹಾಕಬೇಡಿ, ನೀರು ಬಿಡುತ್ತದೆ.

ಸುಸಲಾ ನೆನೆಸಿದ ಚುರಮರಿ, ಅದು ಮುಂಜಾನೆಯ ಫಳಾರಕ್ಕೇ ಮುಗಿಯಬೇಕು. ಮಧ್ಯೆ ಮಧ್ಯೆ ಬಾಯಿಗೆ ಹಾಕಲು ಬಳ್ಳೊಳ್ಳಿ, ಪುಟಾಣಿ, ಶೇಂಗಾ ಒಗ್ಗರಣಿ ಕೊಟ್ಟ ಒಣ ಚುರಮರಿ ಒಂದು ದೊಡ್ಡ ಡಬ್ಬಿ. ಇದೊಂದಿದ್ದರೆ ಕುರಕುರೆ ಪ್ಯಾಕೆಟ್ಟಿನ ಹಠ ಅರ್ಧ ನಿಲ್ಲುತ್ತದೆ. ಪೂರ್ತಿ ನಿಲ್ಲುವುದಿಲ್ಲ.

ನೀರು ನಾಲ್ಕು ಜನಕ್ಕೆ ಆರು ಲೀಟರ್ ಲೆಕ್ಕ. ಹಿಂದಿನ ರಾತ್ರಿ ಒಂದು ಪ್ಲಾಸ್ಟಿಕ್ ಬಾಟಲಿಯನ್ನು ಮುಕ್ಕಾಲು ಮಾತ್ರ ತುಂಬಿ ಫ್ರೀಜರಿನಲ್ಲಿಡಿ. ನೀರು ಗಡ್ಡೆಯಾದಾಗ ಉಬ್ಬುವುದರಿಂದ ಪೂರಾ ತುಂಬಿದರೆ ಒಡೆಯುತ್ತದೆ. ಅದನ್ನು ಮೊಸರನ್ನದ ಡಬ್ಬಿಗೆ ತಾಗಿಸಿ ಚೀಲದಲ್ಲಿಟ್ಟರೆ ಎರಡು ಕೆಲಸ ಆಗುತ್ತದೆ. ಸ್ಟೇಷನ್‌ನಲ್ಲಿ ಕೊಳ್ಳಬೇಕಾಗಿ ಬಂದರೆ ಒಂದು ಲೀಟರ್ ರೈಲ್ ನೀರ್ ಬೆಲೆ 2025ರ ಸೆಪ್ಟೆಂಬರಿನಿಂದ 14 ರೂಪಾಯಿ. 20 ಕೇಳಿದರೆ ಬಾಟಲಿಯ ಮೇಲಿನ ಬೆಲೆ ತೋರಿಸಿ.

ಹೈದರಾಬಾದಿನಲ್ಲಿ ಒಂದೇ ದಿನ ಇರುತ್ತೇವೆ. ಝೂ, ಸಾಲಾರ್ ಜಂಗ್, ಚಾರ್ಮಿನಾರ್, ಗೋಲ್ಕೊಂಡ, ಟ್ಯಾಂಕ್ ಬಂಡ್ ಎಲ್ಲ ಹೇಗೆ ಮುಗಿಸುವುದು?
— ಶಿಕ್ಷಕ, ಯಾದಗಿರಿ

ಮುಗಿಸಬೇಡಿ. ಐದು ಜಾಗ ಅಂದರೆ ನಾಲ್ಕು ಆಟೋ, ನಾಲ್ಕು ಆಟೋ ಅಂದರೆ ಟಿಕೆಟ್ಟಿಗಿಂತ ಹೆಚ್ಚು ಖರ್ಚು, ಸಾಯಂಕಾಲ ಅಳುವ ಹುಡುಗರು ಬೇರೆ. ಒಂದೇ ದಿಕ್ಕಿನ ಎರಡು ಜಾಗ ಹಿಡಿಯಿರಿ.

ಮೊದಲು ವಾರ ನೋಡಿ. ಸಾಲಾರ್ ಜಂಗ್ ಮ್ಯೂಸಿಯಂಗೆ ಶುಕ್ರವಾರ ರಜೆ, ನೆಹರೂ ಝೂಗೆ ಸೋಮವಾರ. ಬಾಗಿಲ ತನಕ ಹೋಗಿ ವಾಪಸ್ ಬಂದರೆ ಆ ದಿನದ ಲೆಕ್ಕವೆಲ್ಲ ಕೆಡುತ್ತದೆ.

ನಮ್ಮ ಕಡೆಯ ಬಸ್ಸುಗಳು ಮಹಾತ್ಮಾ ಗಾಂಧಿ ಬಸ್ ನಿಲ್ದಾಣಕ್ಕೆ ಹೋಗುತ್ತವೆ. ಅಲ್ಲಿಂದ ಸಾಲಾರ್ ಜಂಗ್ ಸುಮಾರು ಒಂದು ಕಿ.ಮೀ., ಚಾರ್ಮಿನಾರ್ ಸುಮಾರು ಎರಡು. ಮೂಸಿ ಹೊಳೆಯ ಸೇತುವೆ ದಾಟಿ ನಡೆದೇ ಹೋಗಬಹುದು. ರೈಲಿನಲ್ಲಿ ಬಂದವರಿಗೆ ನಾಂಪಲ್ಲಿಯಿಂದಲೂ ಸಿಕಂದರಾಬಾದಿನಿಂದಲೂ ಮೆಟ್ರೋ ಇದೆ, ಆ ಬಸ್ ನಿಲ್ದಾಣಕ್ಕೇ ತಂದು ಇಳಿಸುತ್ತದೆ. ಮೆಟ್ರೋದಲ್ಲಿ ಮಕ್ಕಳ ವಯಸ್ಸು ಕೇಳುವುದಿಲ್ಲ, ಎತ್ತರ ನೋಡುತ್ತಾರೆ: ಮೂರಡಿಯೊಳಗಿದ್ದರೆ ಪುಕ್ಕಟೆ, ಮೇಲಿದ್ದರೆ ಪೂರಾ. ಹೊರಡುವ ಮೊದಲು ಮನೆಯ ಗೋಡೆಗೆ ನಿಲ್ಲಿಸಿ ಅಳೆದುಕೊಳ್ಳಿ. ದೊಡ್ಡ ವಾಟರ್ ಪಾರ್ಕುಗಳಲ್ಲೂ ಎತ್ತರದ ಲೆಕ್ಕವೇ ಹೆಚ್ಚು, ಆ ಅಳತೆ ಅಲ್ಲೂ ಬರುತ್ತದೆ.

ಮ್ಯೂಸಿಯಂಗೆ ಹೋದರೆ ಮಕ್ಕಳಿಗೆ ಬೇಕಾದ್ದು ಗಡಿಯಾರ. ಪ್ರತಿ ತಾಸಿಗೆ ಅದರೊಳಗಿನಿಂದ ಒಂದು ಗಡ್ಡದ ಗೊಂಬೆ ಹೊರಬಂದು ಗಂಟೆ ಎಷ್ಟೋ ಅಷ್ಟು ಏಟು ಹೊಡೆದು ಒಳಗೆ ಹೋಗುತ್ತದೆ. ಎಲ್ಲರೂ 12 ಏಟಿಗೆ ಕಾಯುತ್ತಾರೆ, ಆಗ ಸಣ್ಣವರಿಗೆ ದೊಡ್ಡವರ ಬೆನ್ನು ಬಿಟ್ಟು ಏನೂ ಕಾಣುವುದಿಲ್ಲ. 11ಕ್ಕೆ ಹೋಗಿ, ಒಂದೇ ಏಟು ಕಡಿಮೆ. ಹದಿನೈದು ನಿಮಿಷ ಮೊದಲೇ ಮುಂದೆ ಜಾಗ ಹಿಡಿಯಿರಿ. 1 ಗಂಟೆಗೆ ಹೋದವರಿಗೆ ಸಿಗುವುದು ಒಂದೇ ಏಟು.

ಚಾರ್ಮಿನಾರ್, ಗೋಲ್ಕೊಂಡ ಎರಡೂ ಕೇಂದ್ರ ಪುರಾತತ್ವ ಇಲಾಖೆಯವು: 15 ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ. ದೊಡ್ಡವರು ಆನ್‌ಲೈನ್‌ನಲ್ಲಿ ತೆಗೆದರೆ ಕೌಂಟರಿಗಿಂತ ಕಡಿಮೆ, ಸರತಿಯೂ ತಪ್ಪುತ್ತದೆ.

ಝೂ ಆಯ್ಕೆ ಮಾಡಿದರೆ ಮುಂಜಾನೆಯೇ ಹೋಗಿ. 380 ಎಕರೆ ಅದು, ನಾಲ್ಕು ತಾಸು ಬೇಕು. ಬಿಸಿಲೇರಿದ ಮೇಲೆ ಪ್ರಾಣಿಗಳು ನೆರಳಿಗೆ ಬಿದ್ದಿರುತ್ತವೆ. ಒಳಗೆ ರೈಲು, ಬ್ಯಾಟರಿ ಗಾಡಿ, ಸಫಾರಿ ಪ್ರತಿಯೊಂದಕ್ಕೂ ಬೇರೆ ಬೇರೆ ಟಿಕೆಟ್. ಯಾವುದಾದರೂ ಒಂದು ಅಂತ ಗೇಟಿನಲ್ಲೇ ಮಕ್ಕಳ ಜೊತೆ ಮಾತು ಮಾಡಿಕೊಳ್ಳಿ. ಪ್ಲಾಸ್ಟಿಕ್ ಚೀಲ ಬಿಟ್ಟು ಅರಿವೆ ಚೀಲ ಒಯ್ಯಿರಿ.

ಚಾರ್ಮಿನಾರಿನ ಹತ್ತಿರ ಲಾಡ್ ಬಜಾರ್ ಇದೆ. ಬಳಿ, ಬಲೂನು, ಪೀಪಿ ಎಲ್ಲ ಅಲ್ಲೇ. ಪ್ರತಿ ಮಗುವಿಗೆ ಮುಂಜಾನೆಯೇ 50 ರೂಪಾಯಿ ಹತ್ತರ ನೋಟುಗಳಲ್ಲಿ ಕೊಟ್ಟುಬಿಡಿ, ಉಳಿದದ್ದು ಅವರದೇ ಅನ್ನಿ. ಅಪ್ಪನ ರೊಕ್ಕವಾದರೆ ಎಲ್ಲ ಬೇಕು; ತನ್ನದಾದರೆ ಮೂರು ಅಂಗಡಿ ಸುತ್ತಿ ದರ ಕೇಳುತ್ತಾರೆ.

ದೂರ ಹೋಗಲು ಆಗುವುದಿಲ್ಲ. ಕಲಬುರಗಿಯಲ್ಲೇ 300 ರೂಪಾಯಿಯೊಳಗೆ ಒಂದು ದಿನ?
— ಟೇಲರ್, ಕಲಬುರಗಿ

ಆಗುತ್ತದೆ. ಮುಂಜಾನೆ ಏಳಕ್ಕೇ ಕೋಟೆ ಮುಟ್ಟಿ, ಹತ್ತರ ನಂತರ ಅಲ್ಲಿ ನೆರಳಿಲ್ಲ. ಒಂದು ಅಳತೆ ಟೇಪು ಒಯ್ಯಿರಿ (ನಿಮ್ಮ ಬಳಿ ಹೇಗೂ ಇರುತ್ತದೆ). ಕೋಟೆಯ ಮೇಲಿನ ಉದ್ದ ತೋಪು 29 ಅಡಿ ಅನ್ನುತ್ತಾರೆ, ಹುಡುಗರೇ ಅಳೆದು ನೋಡಲಿ. ಟೈಲರಿಂಗ್ ಟೇಪು ಐದಡಿಯದು, ಆರು ಸಲ ಹಿಡಿಯಬೇಕಾಗುತ್ತದೆ, ಗುಣಾಕಾರ ಅವರದು. ಬುರುಜಿನ ಅಂಚಿನಲ್ಲಿ ಕೈ ಬಿಡಬೇಡಿ. ಒಳಗಿನ 1367ರ ಜಾಮಿ ಮಸೀದಿಗೆ ಬೇರೆ ಮಸೀದಿಗಳಂತೆ ತೆರೆದ ಅಂಗಳ ಇಲ್ಲ, ಪೂರಾ ಗುಮ್ಮಟಗಳ ಛಾವಣಿ. ಬಿಸಿಲೇರಿದ ಮೇಲೂ ತಂಪು. ಅಲ್ಲಿಂದ ಜಿಲ್ಲಾ ವಿಜ್ಞಾನ ಕೇಂದ್ರ, ಸಣ್ಣ ಟಿಕೆಟ್ಟಿಗೆ ಮಧ್ಯಾಹ್ನ ಕಳೆಯುತ್ತದೆ. ಸಾಯಂಕಾಲ ಅಪ್ಪನ ಕೆರೆ ದಂಡೆ, ಮಿರ್ಚಿ ಭಜಿ.

ಇನ್ನೊಂದು ರವಿವಾರ ಬೀದರ್ ಇಟ್ಟುಕೊಳ್ಳಿ. ಮನೆಯಲ್ಲಿ ಹೆಣ್ಣುಮಕ್ಕಳು ಹೆಚ್ಚಿದ್ದರೆ ಶಕ್ತಿ ಬಸ್, ಗಂಡುಮಕ್ಕಳು ಹೆಚ್ಚಿದ್ದರೆ 2017ರಲ್ಲಿ ಶುರುವಾದ ಬೀದರ್ ರೈಲು ಮಾರ್ಗದ ಜನರಲ್ ಟಿಕೆಟ್.

ಮಲ್ಟಿಪ್ಲೆಕ್ಸಿನಲ್ಲಿ ನೀರಿನ ಬಾಟಲಿಯನ್ನೂ ಬಿಡುವುದಿಲ್ಲ. ಇದು ಸರಿಯೇ?
— ಕಾಲೇಜು ಉಪನ್ಯಾಸಕಿ, ಬೀದರ್

ಹೊರಗಿನ ತಿಂಡಿ ತಡೆಯುವ ಹಕ್ಕು ಅವರಿಗಿದೆ ಎಂದು ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಹೇಳಿತು. ಜೊತೆಗೇ ಕುಡಿಯುವ ನೀರು ಪುಕ್ಕಟೆ ಕೊಡಬೇಕು, ಕೂಸುಗಳ ಆಹಾರ ತಡೆಯಬಾರದು ಎಂದೂ ಇದೆ. ನೀರು ಎಲ್ಲಿದೆ ಎಂದು ಕೇಳಿ. ಉಂಡು ಹೋಗುವ ಹೊತ್ತಿನ ಶೋ ನೋಡಿ.

ಬೆಂಗಳೂರಿಗೆ ವಂದೇ ಭಾರತ್‌ನಲ್ಲಿ ಹೋಗೋಣ ಅಂತ ಮಕ್ಕಳ ಹಠ. 6 ಮತ್ತು 9 ವರ್ಷ, ಇಬ್ಬರೂ ಹೆಣ್ಣು.
— ವ್ಯಾಪಾರಿ, ಕಲಬುರಗಿ

ಅದು ಪೂರಾ ಚೇರ್ ಕಾರ್, ಇಬ್ಬರಿಗೂ ಪೂರಾ ಟಿಕೆಟ್. ಬುಕ್ ಮಾಡುವಾಗ ಊಟ ಬೇಡ ಎಂದು ಆರಿಸಿದರೆ ಅಷ್ಟು ರೊಕ್ಕ ಕಡಿಮೆಯಾಗುತ್ತದೆ. ಬುತ್ತಿ ಇದ್ದವರಿಗೆ ಅದೇ ಸರಿ. ಹೋಗುವಾಗ ವಂದೇ ಭಾರತ್, ಬರುವಾಗ ರಾತ್ರಿ ಸ್ಲೀಪರ್ ಮಾಡಿಕೊಳ್ಳಿ, ಹಠವೂ ತೀರುತ್ತದೆ. ಇಬ್ಬರು ಸಣ್ಣವರು ಒಂದು ಬರ್ತಿನಲ್ಲಿ ಮಲಗುವಂತಿದ್ದರೆ ಒಬ್ಬಳಿಗೆ ಬರ್ತ್ ಸಹಿತ ಪೂರಾ, ಇನ್ನೊಬ್ಬಳಿಗೆ ಬರ್ತ್ ಇಲ್ಲದ ಅರ್ಧ ಸಾಕು.

ಬೆಂಗಳೂರು ನಮ್ಮ ರಾಜ್ಯದೊಳಗೇ ಇರುವುದರಿಂದ ಬಿಎಂಟಿಸಿ ಸಾದಾ ಬಸ್ಸಿನಲ್ಲಿ ತಾಯಿಗೂ ಇಬ್ಬರು ಹುಡುಗಿಯರಿಗೂ ಶಕ್ತಿ ಟಿಕೆಟ್ ಸಿಗುತ್ತದೆ, ಕರ್ನಾಟಕದ ವಿಳಾಸದ ಗುರುತಿನ ಚೀಟಿ ಕೈಯಲ್ಲಿರಲಿ. ರೊಕ್ಕ ಕೊಡಬೇಕಾದವರು ನೀವೊಬ್ಬರೇ. ಎಸಿ ವಜ್ರ ಬಸ್ಸಿಗೆ ಮತ್ತು ಮೆಟ್ರೋಗೆ ಶಕ್ತಿ ಇಲ್ಲ. ಕಂಡಕ್ಟರ್ ಟಿಕೆಟ್ ಹರಿದ ಮೇಲೆ ಇಳಿಯುವುದಕ್ಕಿಂತ ಹತ್ತುವಾಗಲೇ ಬಸ್ ಯಾವುದೆಂದು ನೋಡಿಕೊಳ್ಳಿ.