ಕೊಟೊಕು ಶೂಸುಯಿಯನ್ನು ಯುದ್ಧ ವಿರೋಧಿಸಿದ್ದಕ್ಕೇ ಗಲ್ಲಿಗೇರಿಸಿದರೇ?

ನೇರವಾಗಿ ಅಲ್ಲ. ಯುದ್ಧವಿರೋಧಕ್ಕೆ ಸಿಕ್ಕಿದ್ದು ಜೈಲು. ಗಲ್ಲು ಬಂದದ್ದು ರಾಜದ್ರೋಹದ ಆರೋಪದಲ್ಲಿ.

ಪತ್ರಕರ್ತ, ಸಮಾಜವಾದಿ ಕೊಟೊಕು (1871–1911) ಜಪಾನಿನ ಕೋಚಿ ಪ್ರಾಂತ್ಯದ ನಕಮುರಾದವರು. ‘ಯೊರೊಜು ಚೋಹೋ’ ಪತ್ರಿಕೆಯಲ್ಲಿದ್ದರು. 1903ರ ಅಕ್ಟೋಬರಿನಲ್ಲಿ ಪತ್ರಿಕೆ ರಷ್ಯಾ ವಿರುದ್ಧದ ಯುದ್ಧದ ಪರ ವಾಲಿದಾಗ ಸಹೋದ್ಯೋಗಿ ಸಕಾಯ್ ತೊಶಿಹಿಕೊ ಜೊತೆ ರಾಜೀನಾಮೆ ಕೊಟ್ಟು, ಮುಂದಿನ ತಿಂಗಳೇ ‘ಹೇಮಿನ್ ಶಿಂಬುನ್’ ವಾರಪತ್ರಿಕೆ ತಂದರು. ಹೇಮಿನ್ ಅಂದರೆ ಸಾಮಾನ್ಯ ಜನ. 53ನೇ ಸಂಚಿಕೆಯಲ್ಲಿ ಕಮ್ಯುನಿಸ್ಟ್ ಪ್ರಣಾಳಿಕೆಯ ಅನುವಾದ ಬಂತು, ಸಂಚಿಕೆ ನಿಷೇಧವಾಯಿತು. ದಂಡ, ಮೊಕದ್ದಮೆಗಳಿಗೆ ಸೋತು 1905ರ ಜನವರಿಯಲ್ಲಿ 64ನೆಯದೇ ಕೊನೆ. ಅದನ್ನು ಪೂರ್ತಿ ಕೆಂಪು ಶಾಯಿಯಲ್ಲಿ ಅಚ್ಚು ಹಾಕಿದರು: ಮಾರ್ಕ್ಸ್ 1849ರಲ್ಲಿ ತಮ್ಮ ಪತ್ರಿಕೆಯನ್ನು ಹಾಗೇ ಮುಗಿಸಿದ್ದರಲ್ಲ!

ಕೊಟೊಕುಗೆ ಐದು ತಿಂಗಳ ಸೆರೆ, ಆಮೇಲೆ ಅಮೆರಿಕ. ಮರಳಿದ್ದು ಅರಾಜಕತಾವಾದಿಯಾಗಿ (ಸರ್ಕಾರವೇ ಬೇಡವೆನ್ನುವವರಾಗಿ), ಸಂಸತ್ತಿನ ಮೇಲಿನ ನಂಬಿಕೆ ಹೋಗಿತ್ತು.

1910ರಲ್ಲಿ ಚಕ್ರವರ್ತಿಯ ಹತ್ಯೆಯ ಸಂಚೆಂದು ಬಂಧನ. ದಂಡಸಂಹಿತೆಯ 73ನೇ ಕಲಮಿನಡಿ ಸಂಚಿಗೂ ಮರಣದಂಡನೆಯೇ. ವಿಚಾರಣೆ ಮುಚ್ಚಿದ ಬಾಗಿಲಲ್ಲಿ, ಮೇಲ್ಮನವಿ ಇಲ್ಲ. ಬಾಂಬು ತಯಾರಿಸಿದವರು ಬೆರಳೆಣಿಕೆಯಷ್ಟು, ಮರಣದಂಡನೆ ಮಾತ್ರ 24 ಜನರಿಗೆ. ತೀರ್ಪಿನ ಮರುದಿನ 12 ಮಂದಿಯದು ಜೀವಾವಧಿಯಾಯಿತು. ಕೊಟೊಕು ಆ ಪಟ್ಟಿಯಲ್ಲಿರಲಿಲ್ಲ. ತೀರ್ಪು 1911ರ ಜನವರಿ 18, ಗಲ್ಲು 24ಕ್ಕೆ.