ಓದುಗರ ಪ್ರಶ್ನೆ: ಬಿಸಿಲಿದ್ದರೂ ಮನೆಯಲ್ಲಿ ಕರೆಂಟ್ ಏಕಿಲ್ಲ?

ಪ್ರಶ್ನೆ: ಚಾವಣಿಯ ಮೇಲೆ 3 ಕಿಲೋವಾಟ್ ಸೋಲಾರ್ ಪ್ಯಾನೆಲ್ ಹಾಕಿಸಿದ್ದೇವೆ, ಬ್ಯಾಟರಿ ಇಲ್ಲ. ಮಟಮಟ ಮಧ್ಯಾಹ್ನವೂ ಲೈನ್ ಹೋದರೆ ಮನೆಯಲ್ಲಿ ಎಲ್ಲ ಬಂದ್. ಇನ್ವರ್ಟರ್ ಕೆಟ್ಟಿದೆಯೇ?

ಉತ್ತರ: ಕೆಟ್ಟಿಲ್ಲ, ಮಾಡಬೇಕಾದ್ದನ್ನೇ ಮಾಡುತ್ತಿದೆ. ನಿಮ್ಮದು ಗ್ರಿಡ್-ಟೈ ಇನ್ವರ್ಟರ್, ಅಂದರೆ ಗ್ರಿಡ್‌ಗೆ (ಸಾರ್ವಜನಿಕ ವಿದ್ಯುತ್ ಜಾಲಕ್ಕೆ) ಜೋಡಿಸಿಕೊಂಡೇ ನಡೆಯುವಂಥದ್ದು. ಲೈನಿನ ವೋಲ್ಟೇಜ್, ಫ್ರೀಕ್ವೆನ್ಸಿಗಳನ್ನು ನೋಡಿಕೊಂಡು, ಅದಕ್ಕೆ ಹೊಂದುವಂತೆ ವಿದ್ಯುತ್ ಬಿಡುತ್ತದೆ. ಲೈನ್ ಹೋದ ಸುಮಾರು 2 ಸೆಕೆಂಡಿನೊಳಗೆ ಅದು ಕಡಿದುಕೊಳ್ಳಲೇಬೇಕು. ಇಲ್ಲದಿದ್ದರೆ ಸಪ್ಲೈ ಇಲ್ಲವೆಂದು ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮ ಮನೆಯ ಕರೆಂಟೇ ಹೊಡೆದೀತು. ಈ ರಕ್ಷಣೆಯನ್ನು ತಪ್ಪಿಸಿ ಕೊಡುತ್ತೇನೆನ್ನುವ ಎಲೆಕ್ಟ್ರಿಷಿಯನ್ ಸಿಕ್ಕರೆ ಕೆಲಸ ಕೊಡಬೇಡಿ.

ಲೈನ್ ಇಲ್ಲದಾಗಲೂ ದೀಪ ಉರಿಯಬೇಕಾದರೆ ಹೈಬ್ರಿಡ್ ಇನ್ವರ್ಟರ್ (ಪ್ಯಾನೆಲ್, ಬ್ಯಾಟರಿ, ಲೈನ್ ಮೂರನ್ನೂ ನಿಭಾಯಿಸುವಂಥದ್ದು) ಮತ್ತು ಬ್ಯಾಟರಿ ಬೇಕು. ಮೋಡ ಹಾದಾಗ ಪ್ಯಾನೆಲ್‌ನ ಉತ್ಪಾದನೆ ಥಟ್ಟನೆ ಕುಸಿಯುತ್ತದೆ, ಆ ಕೊರತೆಯನ್ನು ತುಂಬುವುದು ಬ್ಯಾಟರಿ. ಲೆಕ್ಕ ಹೀಗೆ: ದೀಪ, ಫ್ಯಾನ್ ಸೇರಿ 300 ವಾಟ್, 5 ಗಂಟೆ ಎಂದರೆ 1.5 ಯೂನಿಟ್. ಲಿಥಿಯಂ ಬ್ಯಾಟರಿಯ ಶೇ. 80 ಮಾತ್ರ ಬಳಸಿ, ಇನ್ವರ್ಟರ್‌ನಲ್ಲಿ ಶೇ. 10 ನಷ್ಟ ಹಿಡಿದರೆ ಸುಮಾರು 2.1 ಯೂನಿಟ್ ಸಾಮರ್ಥ್ಯ ಬೇಕು. 24 ವೋಲ್ಟ್, 100 ಆಂಪಿಯರ್-ಅವರ್ ಬ್ಯಾಟರಿ (2.4 ಯೂನಿಟ್) ಸಾಕು. ನೀರಿನ ಪಂಪನ್ನು ಇದಕ್ಕೆ ಸೇರಿಸಬೇಡಿ, ಚಾಲೂ ಆಗುವ ಕ್ಷಣದಲ್ಲಿ ಮೋಟರ್ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆದು ಇನ್ವರ್ಟರನ್ನು ಟ್ರಿಪ್ ಮಾಡಿಸುತ್ತದೆ.

ವೈರಿಂಗ್‌ನಲ್ಲಿ ಎಡವುವುದು ಬಹುತೇಕ ನ್ಯೂಟ್ರಲ್ ವಿಷಯದಲ್ಲಿ. ಬ್ಯಾಟರಿಯಿಂದ ನಡೆಯುವ ಬ್ಯಾಕಪ್ ಸರ್ಕ್ಯೂಟ್‌ನ ಫೇಸ್ ಬೇರೆ ಮಾಡಿ, ನ್ಯೂಟ್ರಲನ್ನು ಉಳಿದ ಮನೆಯ ಜೊತೆಗೇ ಬಿಟ್ಟರೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸುರಕ್ಷಾ ಸ್ವಿಚ್) ಪದೇ ಪದೇ ಬೀಳುತ್ತದೆ. ಎರಡನ್ನೂ ಬೇರೆ ಮಾಡಿಸಿ.

ಪ್ರಶ್ನೆ: 1 ಮೆಗಾವಾಟ್ ಗಾಳಿಯಂತ್ರ ಗಂಟೆಗೆ 1,000 ಯೂನಿಟ್ ಕೊಡುತ್ತದೆ ತಾನೇ?

ಉತ್ತರ: ಗಾಳಿ ಸೆಕೆಂಡಿಗೆ ಸುಮಾರು 12 ಮೀಟರ್ ಬೀಸಿದರೆ ಕೊಡುತ್ತದೆ. ಗಾಳಿಯ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರಿಳಿಯುತ್ತದೆ: ವೇಗ ಅರ್ಧವಾದರೆ ಶಕ್ತಿ ಎಂಟನೇ ಒಂದು ಪಾಲು. ಯಂತ್ರ 3–4 ಮೀಟರ್‌ಗೆ ಚಾಲೂ ಆಗಿ, 25 ಮೀಟರ್ ಆಸುಪಾಸಿನಲ್ಲಿ ಸುರಕ್ಷತೆಗಾಗಿ ನಿಂತುಬಿಡುತ್ತದೆ. ಒಳ್ಳೆಯ ಜಾಗದಲ್ಲಿ ವರ್ಷದ ಸರಾಸರಿ ಉತ್ಪಾದನೆ ಪೂರ್ಣ ಸಾಮರ್ಥ್ಯದ ಶೇ. 30 ಎಂದುಕೊಂಡರೆ ಸಿಗುವುದು ಸುಮಾರು 26 ಲಕ್ಷ ಯೂನಿಟ್, 87.6 ಲಕ್ಷವಲ್ಲ. ಆ ಯೂನಿಟ್‌ಗಳೂ ಗಾಳಿ ಬಂದಾಗ ಬರುತ್ತವೆಯೇ ಹೊರತು ಜನ ಸ್ವಿಚ್ ಹಾಕಿದಾಗಲ್ಲ. ಆದ್ದರಿಂದಲೇ ಗ್ರಿಡ್‌ಗೆ ಜಲಾಶಯ, ಬ್ಯಾಟರಿ, ಪಂಪ್ಡ್ ಸ್ಟೋರೇಜ್ (ಹೆಚ್ಚುವರಿ ವಿದ್ಯುತ್ತಿನಿಂದ ನೀರನ್ನು ಮೇಲೆತ್ತಿಟ್ಟು, ಬೇಕಾದಾಗ ಕೆಳಗೆ ಬಿಟ್ಟು ವಿದ್ಯುತ್ ಪಡೆಯುವ ವ್ಯವಸ್ಥೆ) ಜೊತೆಗಿರಬೇಕು. ಪಂಪ್ಡ್ ಸ್ಟೋರೇಜ್‌ನಲ್ಲಿ ನೀರೆತ್ತಲು ಹಾಕಿದ 100 ಯೂನಿಟ್‌ನಲ್ಲಿ 70–80 ವಾಪಸ್ ಸಿಗುತ್ತದೆ.

ಪ್ರಶ್ನೆ: ಬಿರುಬೇಸಿಗೆಯಲ್ಲಿ ಸೋಲಾರ್ ಉತ್ಪಾದನೆ ಇಳಿಯುವುದೇಕೆ?

ಉತ್ತರ: ಬೆಳಕು ಬೇಕು, ಬಿಸಿ ಬೇಡ. ಪ್ಯಾನೆಲ್ ಮೇಲೆ ಬರೆದ ವಾಟ್ 25 ಡಿಗ್ರಿ ಸೆಲ್ಸಿಯಸ್‌ನದ್ದು. ಸೆಲ್ 60 ಡಿಗ್ರಿಗೆ ಕಾದರೆ, ಡಿಗ್ರಿಗೆ ಶೇ. 0.35ರಂತೆ, ಸುಮಾರು ಶೇ. 12 ಕಡಿಮೆ. ಚಾವಣಿಗೂ ಪ್ಯಾನೆಲ್‌ಗೂ ನಡುವೆ 10–15 ಸೆಂಟಿಮೀಟರ್ ಗಾಳಿಯಾಡಲು ಬಿಡಿ.