ಒಂದೇ ತಿಂಗಳಲ್ಲಿ ಕಾರು ಐದು ಸಲ ಕೈಕೊಟ್ಟಿದೆ. ಇದು ನನ್ನ ಗ್ರಹಚಾರವೇ? ಕಾರನ್ನು ಮಾರಿಬಿಡಲೇ?

ಪ್ರತಿ ಸಲವೂ ಬೇರೆ ಬೇರೆ ತೊಂದರೆ, ಒಂದಕ್ಕೊಂದು ಸಂಬಂಧವಿಲ್ಲ ಎಂದು ಬರೆದಿದ್ದೀರಿ. ಆ ‘ಸಂಬಂಧವಿಲ್ಲ’ ಎಂಬ ಮಾತನ್ನು ನಾನೂ ಆರು ವಾರಗಳ ಕಾಲ ನಂಬಿದ್ದೆ. ನಿಮ್ಮದು ಐದು, ನನ್ನದು ಎಂಟು. ಹೆಮ್ಮೆಗೆ ಹೇಳುತ್ತಿಲ್ಲ. ಮಾರುವ ಮುನ್ನ ನೀವೊಮ್ಮೆ ಇದನ್ನು ಓದಿದರೆ ನನ್ನ ಆರು ವಾರಗಳಿಗೆ ಏನಾದರೂ ಬೆಲೆ ಬಂದೀತು.

ಮೊದಲು ಹೋದದ್ದು ಬ್ಯಾಟರಿ. ಬೆಳಿಗ್ಗೆ ಕೀಲಿ ತಿರುಗಿಸಿದರೆ ಟಿಕ್ ಟಿಕ್ ಎಂಬ ಸದ್ದೇ ಹೊರತು ಎಂಜಿನ್ ಉಸಿರೆತ್ತಲಿಲ್ಲ. ಅದಕ್ಕೆ ನಾಲ್ಕು ವರ್ಷವಾಗಿತ್ತು. ಕಾರಿನ ಬ್ಯಾಟರಿ ಸಾಮಾನ್ಯವಾಗಿ ಮೂರರಿಂದ ಐದು ವರ್ಷ ಬಾಳುತ್ತದೆಯಾದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ಹೊಸದನ್ನು ಹಾಕಿಸಿದೆ. ಎಂಟನೆಯ ದಿನ ಅದೂ ಸತ್ತಿತು. ಕೋಪದಿಂದ ಅದನ್ನು ಕೊಂಡ ಅಂಗಡಿಗೆ ಹೊತ್ತು ಹೋದೆ. ಅವರು ಪರೀಕ್ಷಿಸಿ, ‘ಬ್ಯಾಟರಿ ಸರಿಯಾಗಿಯೇ ಇದೆ, ಅದರಲ್ಲಿ ಚಾರ್ಜ್ ಇಲ್ಲ ಅಷ್ಟೇ’ ಎಂದರು. ಆ ಒಂದು ವಾಕ್ಯದಲ್ಲೇ ಎಲ್ಲ ಉತ್ತರವೂ ಇತ್ತು. ನನ್ನ ಕಿವಿಗೆ ಬಿದ್ದದ್ದು ಮಾತ್ರ ‘ಬದಲಿಸಿ ಕೊಡುವುದಿಲ್ಲ’ ಎಂದು.

ಚಾರ್ಜ್ ಮಾಡಿಸಿಕೊಂಡು ಬಂದ ಮರುದಿನವೇ ಟೈರ್ ಪಂಕ್ಚರ್ ಆಯಿತು. ಮಳೆ ಬೇರೆ. ಜಾಕ್ ಕೊಟ್ಟು ಕಾರನ್ನು ಎತ್ತಿದ ಮೇಲೆ ನಟ್ ಬಿಚ್ಚಲು ಹೋದೆ. ನಟ್ ಜೊತೆಗೆ ಚಕ್ರವೂ ತಿರುಗತೊಡಗಿತು. ಚಕ್ರ ನೆಲದ ಮೇಲಿರುವಾಗಲೇ ನಟ್‌ಗಳನ್ನು ಅರ್ಧ ಸುತ್ತು ಸಡಿಲಿಸಿಕೊಂಡು ಆಮೇಲೆ ಎತ್ತಬೇಕು ಎಂಬುದು ಗೊತ್ತಿಲ್ಲದ ವಿಷಯವೇನಲ್ಲ. ಮಳೆಯಲ್ಲಿ ನೆನೆಯುತ್ತಿರುವವನಿಗೆ ಗೊತ್ತಿರುವುದೂ ಹೊಳೆಯುವುದಿಲ್ಲ. ಮತ್ತೆ ಇಳಿಸಿ, ಸಡಿಲಿಸಿ, ಎತ್ತಿ, ಸ್ಟೆಪ್ನಿಯನ್ನು ಕೂರಿಸಿ, ಜಾಕ್ ಇಳಿಸಿದೆ. ಸ್ಟೆಪ್ನಿ ನಿಧಾನವಾಗಿ ನೆಲಕ್ಕೆ ಚಪ್ಪಟೆಯಾಗಿ ಕುಳಿತಿತು. ಅದರಲ್ಲಿ ಗಾಳಿಯೇ ಇರಲಿಲ್ಲ! (ಸ್ಟೆಪ್ನಿ ಎಂಬ ಹೆಸರು ವೇಲ್ಸ್‌ನ ಲ್ಯಾನೆಲಿ ಎಂಬ ಊರಿನ ಸ್ಟೆಪ್ನಿ ಬೀದಿಯಿಂದ ಬಂದದ್ದು. 1904ರ ಸುಮಾರಿಗೆ ಅಲ್ಲಿ ಬಿಡಿ ಚಕ್ರದ ಉದ್ಯಮ ಶುರುವಾಯಿತು. ಟೋಯಿಂಗ್ ವಾಹನಕ್ಕಾಗಿ ಎರಡು ಗಂಟೆ ಕಾಯುವವನಿಗೆ ಮೊಬೈಲ್‌ನಲ್ಲಿ ಇಂಥದ್ದನ್ನೆಲ್ಲ ಓದಲು ಬೇಕಾದಷ್ಟು ಸಮಯವಿರುತ್ತದೆ.)

ಅಲ್ಲಿಂದ ಮುಂದೆ ನಾನು ಲೆಕ್ಕ ಇಡತೊಡಗಿದೆ. ಲೆಕ್ಕ ಇಡಲು ಶುರುಮಾಡಿದವನಿಗೆ ಎಲ್ಲವೂ ಲೆಕ್ಕಕ್ಕೆ ಸಿಗುತ್ತದೆ. ಬಾನೆಟ್ ಮೇಲೆ ಹಕ್ಕಿ ಹಿಕ್ಕೆ ಹಾಕಿದ್ದನ್ನೂ ಒಂಬತ್ತನೆಯದಾಗಿ ಬರೆದುಕೊಂಡಿದ್ದೆ. ನಂತರ ನಾಚಿಕೆಯಾಗಿ ಹೊಡೆದುಹಾಕಿದೆ. ಒಂದು ಸಂಜೆ ಡ್ಯಾಶ್‌ಬೋರ್ಡ್‌ನಲ್ಲಿ ಬ್ರೇಕಿಗೆ ಸಂಬಂಧಿಸಿದ ಎಬಿಎಸ್ ದೀಪ, ಸ್ಟಿಯರಿಂಗ್ ದೀಪ, ಇನ್ನೂ ಒಂದೆರಡು ಒಟ್ಟಿಗೆ ಹೊತ್ತಿಕೊಂಡವು. ಸ್ಟಿಯರಿಂಗ್ ಕಲ್ಲಿನಂತೆ ಭಾರವಾಯಿತು. ಮತ್ತೊಂದು ರಾತ್ರಿ ಹೆಡ್‌ಲೈಟ್ ಮಂಕಾಯಿತು. ಚಾಲಕನ ಬದಿಯ ಗಾಜು ಅರ್ಧಕ್ಕೆ ಇಳಿದದ್ದು ಮೇಲೇರಲಿಲ್ಲ. ಕೊನೆಗೆ ಏರುದಾರಿಯಲ್ಲಿ ಎಂಜಿನ್‌ನ ಉಷ್ಣತೆಯ ಮುಳ್ಳು ಕೆಂಪು ಗೆರೆಗೆ ಮುಟ್ಟಿತು.

ಇಲ್ಲಿ ಒಂದು ಕೆಲಸವನ್ನು ನಾನು ಸರಿಯಾಗಿ ಮಾಡಿದೆ: ಕಾರನ್ನು ಬದಿಗೆ ನಿಲ್ಲಿಸಿ ಎಂಜಿನ್ ಆರಿಸಿದೆ, ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಲಿಲ್ಲ. ಒಳಗಿನ ಕೂಲಂಟ್, ಅಂದರೆ ಎಂಜಿನ್ನನ್ನು ತಂಪಾಗಿಡುವ ದ್ರವ, ಒತ್ತಡದಲ್ಲಿರುವುದರಿಂದ ನೂರು ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ಮುಚ್ಚಳ ತೆಗೆದ ಕ್ಷಣದಲ್ಲಿ ಒತ್ತಡ ಇಳಿದು ಒಮ್ಮೆಲೇ ಆವಿಯಾಗಿ ಮುಖಕ್ಕೇ ಚಿಮ್ಮುತ್ತದೆ. ದಟ್ಟಣೆಯ ನಡುವೆ ಸಿಕ್ಕಿಕೊಂಡು ತಕ್ಷಣ ನಿಲ್ಲಿಸಲು ಆಗದಿದ್ದರೆ ಎಸಿ ಆರಿಸಿ, ಹೀಟರನ್ನು ಪೂರ್ತಿ ಹಾಕಿ. ಹೀಟರ್ ಎಂದರೆ ಇನ್ನೊಂದು ಪುಟ್ಟ ರೇಡಿಯೇಟರ್; ನೀವು ಬೇಯುತ್ತೀರಿ, ಎಂಜಿನ್ ಸ್ವಲ್ಪ ಉಳಿದುಕೊಳ್ಳುತ್ತದೆ.

ಈ ಸಲ ಕಾರು ಹೋದದ್ದು ಬೇರೊಬ್ಬ ಮೆಕ್ಯಾನಿಕ್ ಬಳಿಗೆ. ಹೆಚ್ಚು ಮಾತಿನವರಲ್ಲ. ನನ್ನ ಎಂಟರ ಪಟ್ಟಿಯನ್ನು ಕೇಳಿಸಿಕೊಂಡು ಎರಡೇ ಪ್ರಶ್ನೆ ಕೇಳಿದರು. ‘ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಕಿರ್ರ್ ಎಂದು ಕಿರುಚುತ್ತದೆಯೇ?’ ಹೌದು, ಎರಡು ನಿಮಿಷ ಕಿರುಚಿ ನಿಂತುಹೋಗುತ್ತದೆ. ‘ಕೂಲಂಟ್ ಎಷ್ಟು ಸಲ ತುಂಬಿಸಿದ್ದೀರಿ?’ ಎರಡು ಸಲವೋ ಮೂರು ಸಲವೋ. ಎಂಜಿನ್ ಆಯಿಲ್‌ನಂತೆ ಅದೂ ಖರ್ಚಾಗುವ ವಸ್ತು ಎಂದುಕೊಂಡಿದ್ದೆ. ಖರ್ಚಾಗುವುದಿಲ್ಲ. ಅದು ಮುಚ್ಚಿದ ಕೊಳವೆಗಳಲ್ಲಿ ಸುತ್ತುವ ದ್ರವ. ಮತ್ತೆ ಮತ್ತೆ ಕಡಿಮೆಯಾಗುತ್ತಿದ್ದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ.

ಅವರು ಟಾರ್ಚ್ ಹಿಡಿದು ವಾಟರ್ ಪಂಪಿನ ಕೆಳಗಿನ ಸಣ್ಣ ತೂತನ್ನು ತೋರಿಸಿದರು. ಪಂಪಿನ ಒಳಗಿನ ಸೀಲ್ ಸವೆದಾಗ ಕೂಲಂಟ್ ಬೇರಿಂಗಿಗೆ ನುಗ್ಗದೆ ಹೊರಗೆ ತೊಟ್ಟಿಕ್ಕಲಿ, ನೋಡಿದವರಿಗೆ ಗೊತ್ತಾಗಲಿ ಎಂದೇ ಮಾಡಿಟ್ಟ ತೂತು ಅದು. ಸುತ್ತಲೂ ಒಣಗಿದ ಕೂಲಂಟಿನ ಬಿಳಿ ಹೊಪ್ಪಳೆ. ಆ ಹನಿಗಳು ಬೆಲ್ಟ್ ಮೇಲೆ ಸಿಡಿಯುತ್ತಿದ್ದವು. ನನ್ನ ಕಾರಿನಲ್ಲಿ ಒಂದೇ ಬೆಲ್ಟ್ ವಾಟರ್ ಪಂಪನ್ನೂ ಬ್ಯಾಟರಿಗೆ ಚಾರ್ಜ್ ಮಾಡುವ ಆಲ್ಟರ್ನೇಟರನ್ನೂ ತಿರುಗಿಸುತ್ತದೆ. ಒದ್ದೆಯಾದ ಬೆಲ್ಟ್ ಜಾರಿತು. ಆ ಕಿರುಚಾಟ ಅದರದ್ದೇ. ಬೆಲ್ಟ್ ಜಾರಿದಾಗ ಆಲ್ಟರ್ನೇಟರ್ ಸಾಕಷ್ಟು ವಿದ್ಯುತ್ ಕೊಡದೆ ಇಡೀ ಕಾರು ಬ್ಯಾಟರಿಯನ್ನೇ ಹೀರಿತು: ಹಳೆಯದು ಸತ್ತಿತು, ಹೊಸದೂ ಸತ್ತಿತು. ವೋಲ್ಟೇಜ್ ಕುಸಿದಾಗ ಗಾಬರಿಗೊಂಡ ಕಂಪ್ಯೂಟರ್ ಸಿಕ್ಕ ಸಿಕ್ಕ ದೀಪ ಹೊತ್ತಿಸಿತು, ವಿದ್ಯುತ್ ಮೋಟರಿನ ನೆರವು ತಪ್ಪಿ ಸ್ಟಿಯರಿಂಗ್ ಭಾರವಾಯಿತು, ಹೆಡ್‌ಲೈಟ್ ಮಂಕಾಯಿತು. ಕೂಲಂಟ್ ಕಡಿಮೆಯಾಗಿ, ಪಂಪೂ ನಿಧಾನವಾಗಿ ಎಂಜಿನ್ ಬಿಸಿಯೇರಿತು. ಎಂಟರಲ್ಲಿ ಐದು, ಸವೆದ ಒಂದು ಸೀಲಿನ ಕೃಪೆ.

ಉಳಿದ ಮೂರರಲ್ಲಿ ಸ್ಟೆಪ್ನಿಯದು ಶುದ್ಧ ನನ್ನ ಸೋಮಾರಿತನ. ಬಳಸದೆ ಇಟ್ಟರೂ ಟೈರಿನ ಗಾಳಿ ಸ್ವಲ್ಪ ಸ್ವಲ್ಪವಾಗಿ ಇಳಿಯುತ್ತದೆ. ನಾನು ಅದನ್ನು ಎರಡು ವರ್ಷ ಮುಟ್ಟಿಯೇ ಇರಲಿಲ್ಲ. ಮೊಳೆ ಚುಚ್ಚಿದ್ದು ಮತ್ತು ಕಿಟಕಿಯ ಗಾಜು, ಇವೆರಡನ್ನು ಬೇಕಾದರೆ ಗ್ರಹಚಾರದ ಖಾತೆಗೆ ಬರೆಯಿರಿ. ಎರಡಕ್ಕೇ ಯಾರೂ ಕಾರು ಮಾರುವುದಿಲ್ಲ.

ಹಾಗಾಗಿ ನಿಮ್ಮ ಐದನ್ನು ಒಂದು ಹಾಳೆಯಲ್ಲಿ ದಿನಾಂಕದೊಂದಿಗೆ ಬರೆದು, ಇಡೀ ಪಟ್ಟಿಯನ್ನು ಒಬ್ಬರೇ ಮೆಕ್ಯಾನಿಕ್‌ಗೆ ತೋರಿಸಿ. ನಾನು ಒಂದೊಂದನ್ನು ಒಂದೊಂದು ಕಡೆ ರಿಪೇರಿ ಮಾಡಿಸಿದ್ದರಿಂದಲೇ ಆರು ವಾರ ಹಿಡಿಯಿತು. ಯಾರ ಕೈಗೂ ಪೂರ್ತಿ ಕಥೆ ಸಿಕ್ಕಿರಲಿಲ್ಲ. ಅದಕ್ಕೂ ಮೊದಲು ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಇದ್ದರೆ ಬ್ಯಾಟರಿಯನ್ನು ನೀವೇ ಅಳೆಯಬಹುದು. ಕೆಲವು ಗಂಟೆ ನಿಂತಿರುವ ಕಾರಿನಲ್ಲಿ ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5ರ ಆಸುಪಾಸಿನಲ್ಲಿರಬೇಕು. ನನ್ನದು ಎಂಜಿನ್ ಓಡುತ್ತಿದ್ದಾಗಲೂ 12.1 ಇತ್ತು. ಹೊಸ ಕಾರುಗಳಲ್ಲಿ ಕೆಲವು ಬೇಕೆಂದೇ ಚಾರ್ಜಿಂಗ್ ಇಳಿಸುತ್ತವೆ, ಆದ್ದರಿಂದ ಹೆಡ್‌ಲೈಟ್ ಹಾಕಿಕೊಂಡು ಒಮ್ಮೆ ನೋಡಿ. ಒಂದು ವೇಳೆ ನಿಮ್ಮ ಐದೂ ನಿಜಕ್ಕೂ ಬೇರೆ ಬೇರೆ ಕಾರಣಗಳಿಂದ ಆಗಿದ್ದು, ಕಾರಿಗೆ ವಯಸ್ಸೂ ಆಗಿದ್ದರೆ, ಆಗ ಮಾರುವ ಮಾತು ತಪ್ಪಲ್ಲ.

ನನ್ನ ಪಂಪು, ಬೆಲ್ಟು ಎರಡನ್ನೂ ಬದಲಿಸಿ ಏಳು ತಿಂಗಳಾಯಿತು. ಹೊಸ ಬ್ಯಾಟರಿ ಇನ್ನೂ ಗಟ್ಟಿಯಾಗಿದೆ. ಕಿಟಕಿಯ ಗಾಜನ್ನು ಮಾತ್ರ ಈಗಲೂ ಎರಡು ಕೈಯಿಂದ ಹಿಡಿದೆತ್ತಿ ಮೇಲೇರಿಸುತ್ತೇನೆ. ಮುಂದಿನ ವಾರ ಮಾಡಿಸಬೇಕು.